ಪ್ರೆಸೆಂಟೇಶನ್‌ಗೂ ಬೇಕು ತಾಲೀಮು

ಕೊನೇ ವರ್ಷದ ಪ್ರಾಜೆಕ್ಟ್ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಇನ್ನೂ ಆರು ದಿನ ಇತ್ತು. ಸಂಜೆ ಐದೂವರೆ ಆಗಿತ್ತು. ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಟೇಬಲ್ ಹತ್ತಿರ ಬಂದು ನಿಂತಳು.

“ಎಲ್ಲಾ ರೆಡಿ ಮೇಡಂ. ಮೂರು ಸಲ ಓದ್ಕೊಂಡೆ.”

“ಹೇಳಿ ನೋಡಿದ್ಯೇನಮ್ಮ?”

“ಮನಸ್ಸಲ್ಲೇ ಹೇಳ್ಕೊಂಡೆ ಮೇಡಂ.”

ಪಕ್ಕದ ಖಾಲಿ ಕ್ಲಾಸಿಗೆ ಕರೆದುಕೊಂಡು ಹೋದೆ. ಲ್ಯಾಪ್‌ಟಾಪ್ ಮುಚ್ಚಿಸಿದೆ. ಬೋರ್ಡಿನ ಮುಂದೆ ನಿಲ್ಲಿಸಿ, ನಾನು ಕೊನೇ ಬೆಂಚಿನಲ್ಲಿ ಕೂತೆ. ಅವಳ ಪ್ರಾಜೆಕ್ಟ್ ಅಡಿಕೆ ಒಣಗಿಸುವ ಯಂತ್ರ. ಸೌದೆಯ ಒಲೆ, ಬಿಸಿಗಾಳಿ ತಳ್ಳುವ ಫ್ಯಾನು, ಶಾಖ ಅಳೆಯುವ ಸೆನ್ಸರ್. ಶಾಖ ಜಾಸ್ತಿಯಾದರೆ ಫ್ಯಾನಿನ ವೇಗ ತಾನೇ ಬದಲಾಗುತ್ತದೆ. ಆರು ತಿಂಗಳು ಕೈಯಾರೆ ಕಟ್ಟಿದ ಯಂತ್ರ ಅದು, ಒಳಗಿನ ಒಂದೊಂದು ತಂತಿಯೂ ಅವಳಿಗೆ ಗೊತ್ತು.

ಮೊದಲ ನಾಲ್ಕು ಮಾತು ಚೆನ್ನಾಗಿ ಬಂದವು. ಐದನೆಯದಕ್ಕೆ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿದಳು.

“ಗೊತ್ತು ಮೇಡಂ. ಬಾಯಿಗೆ ಬರ್ತಿಲ್ಲ.”

ಹದಿನೈದು ವರ್ಷದಿಂದ ಸೆಮಿನಾರ್, ವೈವಾ ನೋಡುತ್ತಿದ್ದೇನೆ. ಈ ಮಾತನ್ನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರು ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಗೊತ್ತಿರುತ್ತದೆ. ಹಾಗಿದ್ದರೆ ಬಾಯಿಗೆ ಯಾಕೆ ಬರುವುದಿಲ್ಲ?

ಗುರುತು ಹಿಡಿಯುವುದು ಬೇರೆ, ನೆನಪಿಸಿಕೊಳ್ಳುವುದು ಬೇರೆ

ನಿಮ್ಮ ಸ್ಲೈಡನ್ನು ನೀವೇ ಓದುವಾಗ ಮೆದುಳು ಮಾಡುವುದು ಗುರುತು ಹಿಡಿಯುವ ಕೆಲಸ. “ಹೂಂ, ಇದು ಗೊತ್ತು, ಇದೂ ಗೊತ್ತು” ಅನ್ನುತ್ತಾ ಮುಂದೆ ಹೋಗುತ್ತದೆ. ಜನರ ಮುಂದೆ ನಿಂತಾಗ ಮಾಡಬೇಕಾದ ಕೆಲಸವೇ ಬೇರೆ. ಒಳಗಿರುವುದನ್ನು ತಡಕಿ ತೆಗೆಯಬೇಕು, ಸಾಲಾಗಿ ಜೋಡಿಸಬೇಕು, ಮಾತು ಮಾಡಬೇಕು. ಅದೂ ಹತ್ತು ಜನ ಮುಖ ನೋಡುತ್ತಿರುವಾಗ. ದಾರಿಯಲ್ಲಿ ಹಳೇ ಪರಿಚಯದವರು ಸಿಕ್ಕರೆ ಮುಖ ತಕ್ಷಣ ಗೊತ್ತಾಗುತ್ತದೆ, ಹೆಸರು ಮಾತ್ರ ನಾಲಿಗೆ ತುದಿಯಲ್ಲೇ ನಿಲ್ಲುತ್ತದೆ, ಅಲ್ವಾ? ಅದೇ ತೊಂದರೆ ಇದು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಕೊಟ್ಟರು. ಕೆಲವರು ಅದನ್ನು ಓದಿ, ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ, ಹಾಳೆ ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಅವರಿಗೆ ಸುಮಾರು 81 ಶೇಕಡಾ ನೆನಪಿತ್ತು, ಬರೆದವರಿಗೆ 75. ಒಂದು ವಾರದ ಮೇಲೆ ನೋಡಿದರೆ ಲೆಕ್ಕ ತಿರುವುಮುರುವಾಗಿತ್ತು. ಮತ್ತೆ ಓದಿದವರಲ್ಲಿ ಉಳಿದದ್ದು 42 ಶೇಕಡಾ, ಬರೆದು ನೋಡಿದವರಲ್ಲಿ 56.

ಮೊದಲ ಐದು ನಿಮಿಷದ ಆ ಲೆಕ್ಕವೇ ನಮ್ಮನ್ನು ದಾರಿ ತಪ್ಪಿಸುವುದು. ಓದಿದ ಕೂಡಲೇ ಎಲ್ಲಾ ಬಂತು ಅನ್ನಿಸುತ್ತದೆ. ಆ ಧೈರ್ಯದಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಮಲಗುತ್ತೇವೆ. ನಾಲ್ಕು ದಿನ ಕಳೆದು ವೇದಿಕೆಗೆ ಹೋದಾಗ ಅರ್ಧ ಜಾರಿರುತ್ತದೆ.

ನಮ್ಮ ಊರುಗಳಲ್ಲಿ ಹಬ್ಬಕ್ಕೆ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳಿಗೆ ಇದು ಯಾವ ಪ್ರಯೋಗವೂ ಇಲ್ಲದೆ ಗೊತ್ತಿತ್ತು. ಹಗಲೆಲ್ಲಾ ಗದ್ದೆಯಲ್ಲಿ ದುಡಿದವರು ರಾತ್ರಿ ಊಟ ಮುಗಿಸಿ ಶಾಲೆ ಜಗುಲಿಗೆ ಬರುತ್ತಿದ್ದರು. ತಿಂಗಳುಗಟ್ಟಲೆ ತಾಲೀಮು. ಮೊದಮೊದಲು ಪುಸ್ತಕ ಕೈಯಲ್ಲಿ ಹಿಡಿದು ಕೂತು ಓದುವುದು. ಆಮೇಲೆ ಒಂದು ದಿನ ಮೇಷ್ಟ್ರು ಪುಸ್ತಕ ಕಿತ್ತುಕೊಂಡು “ಎದ್ದು ನಿಂತು ಹೇಳು” ಅನ್ನುತ್ತಿದ್ದರು. ನನ್ನ ಚಿಕ್ಕಪ್ಪ ದುರ್ಯೋಧನನ ಪಾತ್ರ ಮಾಡುತ್ತಿದ್ದರು. ಅವತ್ತೇ ನಿಜವಾದ ತಾಲೀಮು ಶುರುವಾಗುತ್ತಿತ್ತು ಅಂತ ಅವರು ಈಗಲೂ ಹೇಳುತ್ತಾರೆ. ಅದಕ್ಕೇ ನಾನು ‘ಪ್ರಾಕ್ಟೀಸ್’ ಅನ್ನುವ ಬದಲು ‘ತಾಲೀಮು’ ಅನ್ನುತ್ತೇನೆ. ಕುಸ್ತಿಯವರೂ ಗರಡಿಯಲ್ಲಿ ಮಾಡುವ ಕಸರತ್ತಿಗೆ ಇದೇ ಮಾತು ಹೇಳುತ್ತಾರೆ. ಮೈ ಬಗ್ಗಿಸದೆ ಆಗುವ ಕೆಲಸವಲ್ಲ ಅನ್ನುವುದು ಆ ಪದದಲ್ಲೇ ಇದೆ.

ಬಾಯಿಪಾಠ ಯಾಕೆ ಬೇಡ

“ಹಾಗಾದ್ರೆ ಪೂರ್ತಿ ಬರೆದು ಬಾಯಿಪಾಠ ಮಾಡ್ಲಾ ಮೇಡಂ?” ಅಂದಳು. ಬಹಳ ಮಕ್ಕಳು ಕೇಳುವ ಪ್ರಶ್ನೆ. ಬೇಡ ಅಂದೆ.

ಬಾಯಿಪಾಠದಲ್ಲಿ ಒಂದು ಪದದ ಕೈಯನ್ನು ಇನ್ನೊಂದು ಪದ ಹಿಡಿದಿರುತ್ತದೆ. ನಡುವೆ ಒಂದು ಕೈ ಬಿಟ್ಟರೆ ಸಾಲೇ ಕಳಚುತ್ತದೆ. ವಿನ್ಸ್‌ಟನ್ ಚರ್ಚಿಲ್ ಅವರಿಗೆ ಆದದ್ದು ಅದೇ. 1904ರ ಏಪ್ರಿಲ್ 22ರಂದು, 29ನೇ ವಯಸ್ಸಿನಲ್ಲಿ, ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಮಾತಾಡುತ್ತಿದ್ದರು. ಭಾಷಣ ಪೂರ್ತಿ ಬಾಯಿಪಾಠವಾಗಿತ್ತು. ಮುಕ್ಕಾಲು ಗಂಟೆ ಸರಾಗವಾಗಿ ಹೋದ ಮಾತು ಒಂದು ವಾಕ್ಯದ ನಡುವೆ ತಪ್ಪಿಹೋಯಿತು. ಎಷ್ಟು ತಡಕಾಡಿದರೂ ಸಿಗಲಿಲ್ಲ. ಕೇಳಿದ್ದಕ್ಕೆ ಸಭೆಗೆ ಧನ್ಯವಾದ ಹೇಳಿ, ಕೂತು, ಕೈಯಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಕೈಯಲ್ಲಿ ಟಿಪ್ಪಣಿ ಇಟ್ಟುಕೊಂಡೇ ಭಾಷಣಕ್ಕೆ ನಿಲ್ಲುವುದನ್ನು ರೂಢಿ ಮಾಡಿಕೊಂಡರು.

ನನಗೆ ಇಷ್ಟವಾದ ಮಾದರಿ ಯಕ್ಷಗಾನದ ತಾಳಮದ್ದಳೆಯದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಆ ಪದ್ಯದ ಅರ್ಥ ಬೆಳೆಸುತ್ತಾರೆ. ಪದ್ಯ ಮೊದಲೇ ಗೊತ್ತಿರುವಂಥದ್ದು, ಅದರ ಕ್ರಮವೂ ಗೊತ್ತು. ಮಾತು ಮಾತ್ರ ಆ ಹೊತ್ತಿಗೆ ಹುಟ್ಟುತ್ತದೆ. ಎದುರಿನವರು ಎಂಥ ಪ್ರಶ್ನೆ ಎಸೆದರೂ ಒಳ್ಳೇ ಅರ್ಥಧಾರಿ ಪ್ರಸಂಗ ಬಿಟ್ಟು ಕಳೆದುಹೋಗುವುದಿಲ್ಲ, ಯಾಕೆಂದರೆ ಪದ್ಯಗಳು ಗೂಟ ಹೊಡೆದಂತೆ ಅಲ್ಲಲ್ಲೇ ನಿಂತಿರುತ್ತವೆ.

ನಿಮ್ಮ ಸ್ಲೈಡುಗಳನ್ನು ಪದ್ಯ ಅಂದುಕೊಳ್ಳಿ. ಒಂದು ಚಿಕ್ಕ ಚೀಟಿಯಲ್ಲಿ ಸ್ಲೈಡಿಗೆ ಒಂದೇ ಪದದಂತೆ ಕ್ರಮವಾಗಿ ಬರೆಯಿರಿ. ಆ ಹುಡುಗಿಯ ಚೀಟಿಯಲ್ಲಿ ಇದ್ದದ್ದು: ಮೋಡ, ಬೂಸ್ಟು, ಒಲೆ, ಗಾಳಿ, ಸೆನ್ಸರ್, ತೂಕ, ಖರ್ಚು. ಏಳೇ ಪದ. ಪ್ರತಿ ತಾಲೀಮಿನಲ್ಲೂ ಆ ಪದದ ಸುತ್ತ ಹೊಸದಾಗಿ ಮಾತು ಕಟ್ಟಬೇಕು. ಐದು ಸಲ ಹೇಳಿದರೆ ಐದೂ ಸಲ ವಾಕ್ಯ ಬೇರೆ ಬೇರೆ ಇರಲಿ. ಆಗ ಒಂದು ದಾರಿ ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ.

ಎರಡು ಜಾಗದಲ್ಲಿ ಮಾತ್ರ ಬಾಯಿಪಾಠ ಇರಲಿ: ಮೊದಲ ಎರಡು ವಾಕ್ಯ, ಕೊನೇ ಒಂದು ವಾಕ್ಯ. ಎದೆ ಹೊಡೆದುಕೊಳ್ಳುವುದು ಶುರುವಿನಲ್ಲೇ ಜಾಸ್ತಿ. ಆ ಹೊತ್ತಿನಲ್ಲಿ ಯೋಚಿಸುವ ಕೆಲಸ ಇಟ್ಟುಕೊಳ್ಳಬಾರದು. ಇನ್ನು ಕೊನೇ ವಾಕ್ಯ ಗಟ್ಟಿ ಇಲ್ಲದಿದ್ದರೆ “ಅಷ್ಟೇ… ಥ್ಯಾಂಕ್ಯೂ” ಅಂತ ಮಾತು ನೆಲಕ್ಕೆ ಬೀಳುತ್ತದೆ.

ಮಾತು ನಿಲ್ಲುವುದು ಸಂದಿನಲ್ಲಿ

ಅವಳು ಎಲ್ಲಿ ನಿಂತಳು ಅಂತ ಗಮನಿಸಿದ್ದೆ. ಒಂದು ಸ್ಲೈಡಿನ ಒಳಗೆ ಎಲ್ಲೂ ನಿಲ್ಲಲಿಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ನಿಂತಳು. ಬಹುತೇಕ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಕಾರಣ ಸರಳ. ಸ್ಲೈಡಿನಲ್ಲಿ ಏನಿದೆ ಅಂತ ಬರೆದಿರುತ್ತೇವೆ. ಇದಾದ ಮೇಲೆ ಅದು ಯಾಕೆ ಬರುತ್ತದೆ ಅಂತ ಎಲ್ಲೂ ಬರೆದಿರುವುದಿಲ್ಲ. ಓದುವಾಗ ಬಟನ್ ಒತ್ತಿದರೆ ಮುಂದಿನದು ತಾನೇ ಬರುತ್ತದೆ, ಹಾಗಾಗಿ ಸಂದು ಇರುವುದೇ ತಿಳಿಯುವುದಿಲ್ಲ.

ಇದಕ್ಕೆ ನಾನು ಮಾಡಿಸುವ ತಾಲೀಮು ಬೇರೆ. ಬರೀ ಸಂದುಗಳನ್ನಷ್ಟೇ ಹೇಳಿಸುತ್ತೇನೆ. ಮೊದಲ ಸ್ಲೈಡಿನ ಕೊನೇ ಮಾತು, ಎರಡನೆಯದರ ಮೊದಲ ಮಾತು. ಎರಡನೆಯದರ ಕೊನೇ ಮಾತು, ಮೂರನೆಯದರ ಮೊದಲ ಮಾತು. ಏಳು ಸ್ಲೈಡಿಗೆ ಆರು ಸಂದು, ಎರಡು ನಿಮಿಷದ ಕೆಲಸ. ಮುಂದಿನ ಸ್ಲೈಡಿಗೆ ಹೋಗುವ ಮಾತನ್ನು ಬಟನ್ ಒತ್ತುವ ಮೊದಲೇ ಆಡಬೇಕು. “ಬೂಸ್ಟು ಹಿಡಿಯುವುದು ತೇವ ಉಳಿದದ್ದರಿಂದ. ಹಾಗಾದರೆ ಬಿಸಿಲಿಲ್ಲದೆ ತೇವ ತೆಗೆಯುವುದು ಹೇಗೆ?” ಇಷ್ಟು ಹೇಳಿ ಬಟನ್ ಒತ್ತಿದರೆ ಒಲೆಯ ಚಿತ್ರ ಉತ್ತರವಾಗಿ ಬರುತ್ತದೆ. ಬಟನ್ ಒತ್ತಿ, ತಿರುಗಿ ನೋಡಿ, “ನೆಕ್ಸ್ಟ್ ಇಸ್…” ಅಂದರೆ ಕೇಳುವವರಿಗೂ ದಾರಿ ತಪ್ಪುತ್ತದೆ.

ಸಂದು ಎಷ್ಟು ಹೇಳಿದರೂ ಕೂಡುತ್ತಿಲ್ಲ ಅಂದರೆ ಸ್ಲೈಡುಗಳ ಕ್ರಮವೇ ತಪ್ಪಿರಬಹುದು. ತಾಲೀಮಿನಿಂದ ಸಿಗುವ ದೊಡ್ಡ ಲಾಭಗಳಲ್ಲಿ ಇದೂ ಒಂದು. ಎದುರಿಗಿಟ್ಟುಕೊಂಡು ಓದುವಾಗ ಕಾಣದ ಬಿರುಕು ಬಾಯಿಬಿಟ್ಟು ಹೇಳುವಾಗ ಕಾಣುತ್ತದೆ. ಅವಳು ಸೆನ್ಸರನ್ನು ಒಲೆಗಿಂತ ಮೊದಲು ಇಟ್ಟಿದ್ದಳು. ಎರಡು ಸಲ ಅಲ್ಲೇ ಎಡವಿದ ಮೇಲೆ ತಾನೇ ಬದಲಾಯಿಸಿದಳು.

ಇನ್ನೊಂದು ವಿಷಯ. ಎಲ್ಲರೂ ಪ್ರತಿ ಸಲ ಮೊದಲಿನಿಂದ ಶುರು ಮಾಡುತ್ತಾರೆ. ತಪ್ಪಿದರೆ ಮತ್ತೆ ಮೊದಲಿನಿಂದ. ಹೀಗಾಗಿ ಮೊದಲ ಮೂರು ನಿಮಿಷಕ್ಕೆ ಹತ್ತು ಸಲ ತಾಲೀಮು ಆಗುತ್ತದೆ, ಕೊನೇ ಮೂರಕ್ಕೆ ಒಂದು ಸಲವೂ ಆಗಿರುವುದಿಲ್ಲ. ತಪ್ಪಿದರೆ ನಿಲ್ಲಬೇಡಿ, ಹೇಗೋ ದಾಟಿ ಮುಂದೆ ಹೋಗಿ. ವೇದಿಕೆಯಲ್ಲೂ ಅದನ್ನೇ ಮಾಡಬೇಕಲ್ವಾ? ದಾಟುವುದಕ್ಕೂ ತಾಲೀಮು ಬೇಕು. ಒಮ್ಮೊಮ್ಮೆ ಐದನೇ ಸ್ಲೈಡಿನಿಂದಲೇ ಶುರು ಮಾಡಿ.

ಗಡಿಯಾರ

ಸಮಯ ಮೀರುವುದು ಎಲ್ಲ ಕಡೆ ಇರುವ ಕಾಯಿಲೆ. ಮನಸ್ಸಿನಲ್ಲಿ ಹೇಳಿಕೊಳ್ಳುವ ವೇಗ ಬಾಯಿಯ ವೇಗಕ್ಕಿಂತ ಜಾಸ್ತಿ, ಹಾಗಾಗಿ ಮನಸ್ಸಿನ ಹತ್ತು ನಿಮಿಷ ಹೊರಗೆ ಹದಿನಾಲ್ಕಾಗುತ್ತದೆ. ಇಂಗ್ಲಿಷಿನಲ್ಲಿ ನಿಮಿಷಕ್ಕೆ 130ರಿಂದ 150 ಪದ ಅಂತ ಲೆಕ್ಕ ಹೇಳುವುದುಂಟು. ಕನ್ನಡದಲ್ಲಿ ಮಾತಾಡುವವರು ಆ ಲೆಕ್ಕ ಹಿಡಿಯಬೇಡಿ. ‘ಮನೆಯಲ್ಲಿದ್ದವರಿಗೂ’ ಅನ್ನುವುದು ನಮಗೆ ಒಂದು ಪದ, ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಏಳೆಂಟು ಬೇಕು. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ಜೋರಾಗಿ ಹೇಳಿ, ಪ್ರತಿ ಸ್ಲೈಡು ಮುಗಿದಾಗ ಎಷ್ಟಾಯಿತು ಅಂತ ಬರೆದುಕೊಳ್ಳಿ. ಹತ್ತು ನಿಮಿಷ ಕೊಟ್ಟಿದ್ದರೆ ತಾಲೀಮಿನಲ್ಲಿ ಎಂಟೂವರೆಗೆ ಮುಗಿಯಲಿ. ಮೀರಿದರೆ ವೇಗ ಹೆಚ್ಚಿಸಬೇಡಿ, ವಿಷಯ ಕಮ್ಮಿ ಮಾಡಿ. ಕಷ್ಟಪಟ್ಟು ಮಾಡಿದ ಸ್ಲೈಡು ತೆಗೆಯಲು ಹೊಟ್ಟೆ ಉರಿಯುತ್ತದೆ, ಗೊತ್ತು. ತೆಗೆದು ಕೊನೆಯಲ್ಲಿ ಇಡಿ. ಪ್ರಶ್ನೆ ಬಂದರೆ ತೋರಿಸಬಹುದು.

ಯಾರ ಮುಂದೆ ಹೇಳಬೇಕು

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ತಮ್ಮ ಪಿಎಚ್‌ಡಿಗಾಗಿ ಒಂದು ಸೊಗಸಾದ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ಕುಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟು ಜನ ಗುರುತು ಹಿಡಿಯುತ್ತಾರೆ ಅಂತ ಕುಟ್ಟುವವರು ಅಂದುಕೊಂಡಿದ್ದರು. ಕುಟ್ಟಿದ 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರೇ.

ಮನೆಯಲ್ಲಿ ಯಾವುದಾದರೂ ಭಾವಗೀತೆ ಇಟ್ಟುಕೊಂಡು ಕುಟ್ಟಿ ನೋಡಿ. ಕುಟ್ಟುವವರ ತಲೆಯಲ್ಲಿ ರಾಗ, ಸಾಹಿತ್ಯ, ತಬಲಾ ಎಲ್ಲಾ ಕೇಳುತ್ತಿರುತ್ತದೆ. ಎದುರಿನವರಿಗೆ ಬರೀ ಟಕ್ ಟಕ್. ನಮ್ಮ ಪ್ರಾಜೆಕ್ಟು, ನಮ್ಮ ವರದಿ, ನಮ್ಮ ಸಂಶೋಧನೆ ಹೇಳುವಾಗಲೂ ಹೀಗೇ ಆಗುತ್ತದೆ. ನಮಗೆ ಹಾಡು ಕೇಳುತ್ತಿರುತ್ತದೆ, ಅವರಿಗೆ ಟಕ್ ಟಕ್.

ಅದಕ್ಕೇ ವಿಷಯ ಗೊತ್ತಿರುವ ಗೆಳೆಯರ ಮುಂದೆ ಮಾತ್ರ ಹೇಳಿದರೆ ಸಾಲದು. ಗೊತ್ತಿಲ್ಲದ ಒಬ್ಬರ ಮುಂದೆ ಹೇಳಿ. ಮುಗಿದ ಮೇಲೆ “ಹೇಗಿತ್ತು?” ಅಂತ ಕೇಳಬೇಡಿ. ಪ್ರೀತಿಯಿಂದ “ಚೆನ್ನಾಗಿತ್ತು” ಅಂತಾರೆ, ಅಲ್ಲಿಗೆ ಮುಗಿಯಿತು. “ನಾನು ಏನು ಹೇಳಿದೆ, ನೀವು ಹೇಳಿ” ಅಂತ ಕೇಳಿ. ಅವರು ತಿರುಗಿ ಹೇಳಿದ್ದೇ ನಿಮ್ಮ ಪ್ರೆಸೆಂಟೇಶನ್. ಉಳಿದದ್ದು ತಲುಪಿಲ್ಲ.

ಅವಳಿಗೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಪೂರ್ತಿ ಹೇಳು ಅಂದೆ. ಕನ್ನಡದಲ್ಲಿ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಹೇಳುವಾಗ ಎರಡು ಭಾರ ಒಟ್ಟಿಗೆ ಹೊರುತ್ತಾರೆ. ವಿಷಯ ಜೋಡಿಸುವುದು ಒಂದು, ಇಂಗ್ಲಿಷ್ ವಾಕ್ಯ ಕಟ್ಟುವುದು ಇನ್ನೊಂದು. ಎರಡನ್ನೂ ಮೊದಲ ದಿನವೇ ಹೊರಿಸಿದರೆ ಸೊಂಟ ಮುರಿಯುತ್ತದೆ. ಮೊದಲು ಕನ್ನಡದಲ್ಲಿ ಎರಡು ಸಲ ಹೇಳಿ ಕ್ರಮ ಗಟ್ಟಿ ಮಾಡಿಕೊಳ್ಳಲಿ. ಆಮೇಲೆ ಇಂಗ್ಲಿಷಿಗೆ ಬರಲಿ. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಸಾಕು. ಕ್ರಮ ಗಟ್ಟಿ ಇದ್ದರೆ ವ್ಯಾಕರಣ ಅಲ್ಲಲ್ಲಿ ತಪ್ಪಿದರೂ ಕೇಳುವವರು ಜೊತೆಗೇ ಬರುತ್ತಾರೆ. ನಾಲಿಗೆ ತೊಡರುವ ಪದಗಳನ್ನು ಮಾತ್ರ ಬೇರೆಯಾಗಿ ಹತ್ತು ಸಲ ಜೋರಾಗಿ ಹೇಳಿಸುತ್ತೇನೆ. ಕಣ್ಣಿಗೆ ಪರಿಚಯವಿರುವ ಪದ ಬಾಯಿಗೆ ಪರಿಚಯವಿರಬೇಕೆಂದಿಲ್ಲ.

ಮರುದಿನ ಬೆಳಿಗ್ಗೆ ಬಂದಳು. ಮುಖ ಸ್ವಲ್ಪ ಚಿಕ್ಕದಾಗಿತ್ತು.

“ಅಮ್ಮ ಎಲ್ಲಾ ಕೇಳಿದ್ರು ಮೇಡಂ. ಆಮೇಲೆ, ‘ಅದೆಲ್ಲಾ ಸರಿ, ಒಂದು ಸಲಕ್ಕೆ ಎಷ್ಟು ಸೌದೆ ಬೇಕು?’ ಅಂದ್ರು. ನಂಗೆ ಗೊತ್ತಿರ್ಲಿಲ್ಲ.”

ಶಾಖದ ಗ್ರಾಫ್ ಇತ್ತು, ತೇವದ ಲೆಕ್ಕ ಇತ್ತು. ಸೌದೆ ತೂಗಿರಲಿಲ್ಲ. ಮಳೆ ಹಿಡಿದ ದಿನ ಅಡಿಕೆ ಮುಂದೆ ಕೂತು ಚಿಂತೆ ಮಾಡುವವರು ಮೊದಲು ಕೇಳುವ ಪ್ರಶ್ನೆಯೇ ಅದು. ಅವತ್ತೇ ಮಧ್ಯಾಹ್ನ ತಂಡದವರೆಲ್ಲಾ ಸೇರಿ ತಕ್ಕಡಿ ತಂದು, ಯಂತ್ರ ಹಚ್ಚಿ, ಸೌದೆ ತೂಗಿದರು. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಎರಡನೆಯದಾಗಿ ಕೇಳಿದ್ದು ಇಂಧನದ ಖರ್ಚನ್ನೇ.

ಪ್ರಶ್ನೆಗಳಿಗೂ ತಾಲೀಮು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಹತ್ತು ಪ್ರಶ್ನೆ ಬರೆದುಕೊಳ್ಳಿ. ಅದರಲ್ಲಿ ಮೂರು ನಿಮಗೆ ಹೆದರಿಕೆ ಹುಟ್ಟಿಸುವಂಥವು ಇರಲಿ. ಗೊತ್ತಿಲ್ಲದ್ದನ್ನು “ಇದನ್ನು ನಾವು ಅಳೆದಿಲ್ಲ” ಅಂತ ನೆಟ್ಟಗೆ ಹೇಳುವುದನ್ನೂ ಬಾಯಿಬಿಟ್ಟು ಹೇಳಿ ನೋಡಿ. ಆ ಮಾತು ರೂಢಿಯಾಗದಿದ್ದರೆ ಗಾಬರಿಯಲ್ಲಿ ಏನೇನೋ ಬಂದುಬಿಡುತ್ತದೆ.

ಹೆದರಿಕೆ ಎಷ್ಟು ಕಾಣುತ್ತದೆ?

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ ಅಂದರೆ ಮಕ್ಕಳು ಹಿಂದೆ ಸರಿಯುತ್ತಾರೆ. ಸ್ವಂತ ದನಿ ಕೇಳಲು ಯಾರಿಗೂ ಇಷ್ಟವಿಲ್ಲ. ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯ ಜೊತೆ ತಲೆಯ ಮೂಳೆಗಳ ಮೂಲಕವೂ ಕೇಳುತ್ತದೆ, ಅದರಿಂದ ತುಂಬಿದ ದನಿ ಅನ್ನಿಸುತ್ತದೆ. ರೆಕಾರ್ಡಿಂಗಿನಲ್ಲಿ ಮೂಳೆಯ ಪಾಲು ಇರುವುದಿಲ್ಲ, ದನಿ ತೆಳ್ಳಗೆ ಕೇಳುತ್ತದೆ. ಬೇರೆಯವರು ದಿನಾ ಕೇಳುತ್ತಿರುವುದು ಆ ದನಿಯನ್ನೇ. ಹಾಗಾಗಿ ಮುಜುಗರ ಬೇಡ. ಮೊದಲು ಬರೀ ದನಿ ಕೇಳಿ, ‘ಆಕ್ಚುಲಿ’, ‘ಸೋ’, ‘ಅಂದ್ರೆ’ ಎಷ್ಟು ಸಲ ಬಂತು ಅಂತ ಗೀಟು ಹಾಕಿ. ಆಮೇಲೆ ವಿಡಿಯೋವನ್ನು ದನಿ ಮುಚ್ಚಿ ನೋಡಿ. ಕೈ ಎಲ್ಲಿದೆ, ಪರದೆ ಕಡೆ ಎಷ್ಟು ಸಲ ತಿರುಗಿದಿರಿ ಅಂತ ಕಾಣುತ್ತದೆ.

ಇನ್ನೂ ಒಂದು ಕಾಣುತ್ತದೆ. ಒಳಗೆ ನಡುಗುತ್ತಿದ್ದರೂ ಹೊರಗೆ ಅಷ್ಟು ಕಾಣುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಇದನ್ನೇ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದರು. ಭಾಷಣ ಮಾಡಿದವರು ತಮ್ಮ ಗಾಬರಿ ಎಲ್ಲರಿಗೂ ಕಂಡಿತು ಅಂದುಕೊಂಡಿದ್ದರು, ಕೇಳಿದವರಿಗೆ ಅಷ್ಟು ಕಂಡಿರಲಿಲ್ಲ. ಈ ವಿಷಯ ಮೊದಲೇ ತಿಳಿದುಕೊಂಡಿದ್ದವರ ಭಾಷಣ ಉಳಿದವರದಕ್ಕಿಂತ ಚೆನ್ನಾಗಿ ಆಯಿತು. ನಾನು ಇದನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಎಷ್ಟೋ ಮಕ್ಕಳ ಹೆಗಲು ಅಲ್ಲೇ ಸಡಿಲವಾಗುವುದನ್ನು ನೋಡಿದ್ದೇನೆ.

ಯಂತ್ರಗಳ ತಾಲೀಮು, ಕೊನೇ ದಿನ

ಪ್ರೊಜೆಕ್ಟರಿನ ವಿಷಯ ಬೇಗ ಮುಗಿಸುತ್ತೇನೆ. ಹೇಳುವ ರೂಮಿನಲ್ಲೇ ಒಮ್ಮೆ ಹಾಕಿ ನೋಡಿ. ನಿಮ್ಮ ಲ್ಯಾಪ್‌ಟಾಪಿಗೆ ಅಲ್ಲಿನ ಕೇಬಲ್ ಕೂರುತ್ತದೆಯೇ, ಹಳದಿ ಅಕ್ಷರ ಕೊನೇ ಬೆಂಚಿಗೆ ಕಾಣುತ್ತದೆಯೇ, ವಿಡಿಯೋ ಓಡುತ್ತದೆಯೇ ನೋಡಿಕೊಳ್ಳಿ. ಕನ್ನಡದಲ್ಲಿ ಸ್ಲೈಡು ಮಾಡಿದವರಿಗೆ ಒಂದು ಎಚ್ಚರಿಕೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲಾ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಕರೆಂಟ್ ಹೋದರೆ ಏನು ಮಾಡುವುದು ಅಂತ ಒಂದು ಸಲ ಸ್ಲೈಡೇ ಇಲ್ಲದೆ, ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿ ನೋಡಿ.

ಒಟ್ಟು ಎಷ್ಟು ಸಲ? ಹತ್ತು ನಿಮಿಷದ ಮಾತಿಗೆ ಐದಾರು ಸಲ ಸಾಕು ಅನ್ನುವುದು ನನ್ನ ಅನುಭವ. ಒಂದೇ ರಾತ್ರಿ ಆರು ಸಲ ಬೇಡ. ದಿನಕ್ಕೊಂದು ಅಂತ ಹಂಚಿಕೊಳ್ಳಿ, ನಡುವೆ ರಾತ್ರಿ ನಿದ್ದೆ ಬರಲಿ. ಹಂಚಿ ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ ಅನ್ನುವುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದರು. ಹೇಳುವಾಗ ಮಗ್ಗಿ ಒಪ್ಪಿಸಿದ ರಾಗ ಬರತೊಡಗಿದರೆ ತಾಲೀಮು ಜಾಸ್ತಿಯಾಗಿದೆ ಅಂತ ಅರ್ಥ. ಒಂದು ದಿನ ಬಿಟ್ಟುಬಿಡಿ.

ಹಿಂದಿನ ರಾತ್ರಿ ಹೊಸ ಸ್ಲೈಡು ಸೇರಿಸಬೇಡಿ. ಹೊಟ್ಟೆತುಂಬ ಊಟ ಮಾಡಿ ಮಲಗಿ. ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಆ ರೂಮಿಗೆ ಹೋಗಿ, ನೀವು ನಿಲ್ಲುವ ಜಾಗದಲ್ಲೇ ನಿಂತುಕೊಳ್ಳಿ. ಖಾಲಿ ಬೆಂಚುಗಳಲ್ಲಿ ಕೊನೆಯದನ್ನು ನೋಡುತ್ತಾ ಮೊದಲ ಎರಡು ವಾಕ್ಯ ಜೋರಾಗಿ ಹೇಳಿ. ಆ ರೂಮಿನಲ್ಲಿ ನಿಮ್ಮ ದನಿ ಹೇಗೆ ಕೇಳುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಒಂದು ಲೋಟ ನೀರು ಕುಡಿದು, ಹೊರಗೆ ಬಂದು ಗೆಳೆಯರ ಜೊತೆ ಕೂತಿರಿ.